ಮತದಾನದ ಹಿಂದಿನ ದಿನ ಸುಟ್ಟ ಸೇತುವೆ

ಬೆಳಗಾಗುವಷ್ಟರಲ್ಲಿ ಮರದ ಸೇತುವೆ ಸುಟ್ಟು ಹೊಳೆಗೆ ಕುಸಿದಿತ್ತು. ಅದು 1911ರ ವಸಂತ. ಮಿಸೌರಿಯ ಸಣ್ಣ ಕೌಂಟಿಯೊಂದರಲ್ಲಿ ಮರುದಿನವೇ ಮತದಾನ. ಬಾಂಡ್ ಮಾರಿ ಸಾಲವೆತ್ತಿ ಕಬ್ಬಿಣದ ಸೇತುವೆ ಕಟ್ಟೋಣ, ತೆರಿಗೆಯಿಂದ ತೀರಿಸೋಣ ಎಂಬುದು ಪ್ರಸ್ತಾವ. ಮೂರರಲ್ಲಿ ಎರಡು ಪಾಲು ಮತ ಬೀಳದಿದ್ದರೆ ಅದು ಸತ್ತಂತೆ.

ಎಲ್ಲರೂ ದೋಣಿ ನಡೆಸುವ ಲೂಥರ್ ಕ್ರೇನ್‌ನತ್ತ ಬೆರಳು ತೋರಿಸಿದರು. ಸೇತುವೆಯಿಲ್ಲದಿದ್ದರೆ ಲಾಭ ಅವನಿಗೇ. ಬಾಂಡ್ ಬೇಡವೆಂದು ವಾರಗಟ್ಟಲೆ ಕೂಗಾಡಿದವನೂ ಅವನೇ. ದೋಣಿಯಲ್ಲಿ ಸೀಮೆಎಣ್ಣೆ ಡಬ್ಬಿಯೂ ಸಿಕ್ಕಿತು. ಗುಂಪಿನಲ್ಲಿ ಒಬ್ಬ ನೇಣಿನ ಹಗ್ಗ ತಂದಿದ್ದ.

ಶೆರಿಫ್ ಎಝ್ರಾ ಪೆಲ್ ಲೂಥರ್‌ನಿಗೆ ಕೈಕೋಳ ತೊಡಿಸಿ ಅವನದೇ ದೋಣಿ ಹತ್ತಿಸಿದ. ಬೆಂಕಿಯ ಗುರುತು ಹುಡುಕಲು ಆಚೆ ದಡವನ್ನೂ ನೋಡಬೇಕಿತ್ತು.

"ಲಾಟೀನಿಗೆ ಎಣ್ಣೆ ಬೇಡ್ವಾ ಶೆರಿಫ್?" ಲೂಥರ್ ಕೇಳಿದ. "ಬೆಂಕಿ ಇಟ್ಟೋನು ಡಬ್ಬಿನ ನಿಮ್ಮ ಕೈಗೆ ಸಿಗೋ ಹಾಗೆ ಇಟ್ಕೋತಾನಾ?"

ಪೆಲ್ ಹುಟ್ಟು ಕೈಗೆತ್ತಿಕೊಂಡ. ಹಿಂದೆ ಗುಂಪು ಬೆಳೆಯುತ್ತಿತ್ತು.

*

ಆಚೆ ದಡದ ಕಂಬದ ಬುಡದಲ್ಲಿ ಅರೆಸುಟ್ಟ ಬಟ್ಟೆಯ ಸುರುಳಿಗಳು. ಎಣ್ಣೆಯ ವಾಸನೆ. ಗಾಯಕ್ಕೆ ಸುತ್ತುವಂಥ ಪಟ್ಟಿಗಳು.

ಹತ್ತಿರದ ಮನೆ ರೈತ ಓಟೋ ಬ್ರಾಂಟ್‌ನದು. ಅಂಗಳದಲ್ಲಿ ಪಟ್ಟಣದ ಡಾಕ್ಟರ್ ಹೋರೇಸ್ ವಿನ್‌ನ ಕುದುರೆಗಾಡಿ ನಿಂತಿತ್ತು. ಓಟೋನ ಬಸುರಿ ಹೆಂಡತಿ ನೆಟ್ಟಿಗೆ ಹೆರಿಗೆ ನೋವು ಶುರುವಾಯಿತೇ ಎಂದು ಪೆಲ್ ವಿಚಾರಿಸಿದ.

"ಎಲ್ಲಿ, ಇನ್ನೂ ದಿನ ಇದೆ," ಓಟೋ ಹೇಳಿದ. "ನಾವು ಕರೆಸಿರಲಿಲ್ಲ. ನಿನ್ನೆ ಸಂಜೆ ಡಾಕ್ಟ್ರು ತಾವಾಗೇ ಬಂದ್ರು. ಹೆರಿಗೆ ಆಗೋವರೆಗೂ ಇರ್ತೀನಿ ಅಂದ್ರು. ಒಳ್ಳೆ ಮನುಷ್ಯ."

ಗಾಡಿಯಲ್ಲಿ ಬಟ್ಟೆಬರೆ ತುಂಬಿದ ಪೆಟ್ಟಿಗೆಯಿತ್ತು.

*

ಒಳಗೆ ಡಾಕ್ಟರ್ ಕಾಫಿ ಕುಡಿಯುತ್ತಿದ್ದ. ನೋವು ಬಂದಿದೆಯೆಂದು ಹೇಳಿಕಳಿಸಿದ್ದಕ್ಕೇ ಬಂದೆ ಎಂದ.

"ಯಾರೂ ಹೇಳಿಕಳಿಸಿಲ್ಲ ಡಾಕ್ಟರೇ," ಪೆಲ್ ಮೆಲ್ಲಗೆ ಹೇಳಿದ. "ಬ್ಯಾಂಡೇಜ್ ಯಾರ ಮನೇಲಾದ್ರೂ ಇರುತ್ತೆ. ಆದ್ರೆ ಸೇತುವೆ ಇರಲ್ಲ ಅಂತ ಮೊದಲೇ ಗೊತ್ತಿದ್ದೋನು ಮಾತ್ರ ಪೆಟ್ಟಿಗೆ ಕಟ್ಕೊಂಡು ಆ ಕಡೆಯಿಂದ ಈ ಕಡೆ ಬರ್ತಾನೆ. ನೆಟ್ಟಿ ಡಾಕ್ಟರಿಲ್ಲದೆ ಸಿಕ್ಕಿಹಾಕ್ಕೋಬಾರ್ದು ಅಂತ ಬಂದ್ರಿ. ಅದೇ ನಿಮ್ಮನ್ನ ಹಿಡಿದುಕೊಡ್ತು."

ವಿನ್ ಲೋಟ ಕೆಳಗಿಟ್ಟ. ಆ ಸೇತುವೆಯ ಕೊಳೆತ ಹಲಗೆಗಳ ಮೇಲೆ ಹೋದ ವರ್ಷ ಗಾಡಿ ಮುರಿದು ಒಬ್ಬ ಬಸುರಿ ನೀರುಪಾಲಾಗಿದ್ದಳು. ಅವಳನ್ನು ಕರೆತರುತ್ತಿದ್ದವನು ಅವನೇ. ಆದರೂ ಜನ ತೆರಿಗೆಯ ಲೆಕ್ಕವನ್ನೇ ಹಾಕುತ್ತಿದ್ದರು. ಸೇತುವೆಯೇ ಇಲ್ಲವಾದರೆ ಹೊಸದಕ್ಕೆ ಒಪ್ಪಿಯಾರು ಎಂದುಕೊಂಡಿದ್ದ.

"ನಾಳೆ ಸಂಜೆವರೆಗೆ ಸುಮ್ಮನಿರಿ ಎಝ್ರಾ. ಆಮೇಲೆ ನಾನೇ ಬಂದು ಒಪ್ಕೋತೀನಿ."

"ಅಲ್ಲಿವರೆಗೆ ಲೂಥರ್ ಬದುಕಿರ್ತಾನಾ?"

ಡಾಕ್ಟರ್ ಎದ್ದು ಕೋಟು ಹಾಕಿಕೊಂಡ.

*

ಮರುದಿನ ಮತಗಟ್ಟೆಯ ಬಾಗಿಲಲ್ಲಿ ಪೆಲ್ ಎಲ್ಲವನ್ನೂ ಹೇಳಿದ. ಜನ ಮೋಸಹೋದವರಂತೆ ಮುಖ ಗಂಟಿಕ್ಕಿದರು. ಪೆಲ್ ಮಾತ್ರ ಒಳಗೆ ಹೋಗಿ ಬಾಂಡ್ ಪರವಾಗಿಯೇ ಮತ ಹಾಕಿ ಬಂದ. ಸಂಜೆ ಪ್ರಸ್ತಾವ ಬಿದ್ದುಹೋಯಿತು.

ಸೆರೆಮನೆಯಲ್ಲಿ ವಿನ್ ಫಲಿತಾಂಶ ಕೇಳಿ ತಲೆಯಾಡಿಸಿದ. ಆಮೇಲೆ ಒಂದೇ ಮಾತು ಕೇಳಿದ.

"ನೆಟ್ಟಿ ಹತ್ರ ಯಾರಿದ್ದಾರೆ?"

ಪೆಲ್ ಎದ್ದ. ಟೊಪ್ಪಿ ತೆಗೆದುಕೊಂಡು ಹೊಳೆಯ ಕಡೆ, ಲೂಥರ್‌ನ ದೋಣಿ ಹತ್ತಲು ಹೊರಟ.