ಹತ್ತೊಂಬತ್ತನೇ ಪಾತ್ರದ ತೂಕ

ಸಂಜೆ ಏಳಾಗುತ್ತಿದ್ದಂತೆ ಭಾವತುಲೆಯೊಳಗೆ ಮಂಜು ಮೇಲೇಳತೊಡಗಿತು. ದಾವಣಗೆರೆಯ ಕಾಲೇಜೊಂದರ ಹಳೆಯ ಸಭಾಂಗಣದ ನಡುವೆ ಚಾವಣಿ ಮುಟ್ಟುವಂಥ ಗಾಜಿನ ಕಂಬವೊಂದಿತ್ತು, ಅದೇ ಭಾವತುಲೆ. ನಾಡಿನ ಜನ ‘ಮೂರನೇ ತಿರುವಿನ ಮನೆ’ ಧಾರಾವಾಹಿ ನೋಡುತ್ತ, ಜಾಲತಾಣಗಳಲ್ಲಿ ಬರೆಯುತ್ತ ಹೋದ ಹಾಗೆ ಕಂಬದೊಳಗೆ ಭಯ ನೀಲಿಯಾಗಿ, ಸಿಟ್ಟು ಕೆಂಪಾಗಿ, ಅಕ್ಕರೆ ಅರಿಸಿನದ ಬಣ್ಣದಲ್ಲಿ ಏರುತ್ತಿತ್ತು. ದೀಪ ಆರಿಸಿ ಸುಮ್ಮನೆ ಕೂತರೆ ಇಡೀ ನಾಡು ಎದುರಿಗೇ ಉಸಿರಾಡುತ್ತಿದೆ ಎನಿಸುತ್ತಿತ್ತು.

ಆ ಕಾಲಕ್ಕೆ ಧಾರಾವಾಹಿಗಳಲ್ಲಿ ಮನುಷ್ಯರು ನಟಿಸುವುದು ನಿಂತು ಹನ್ನೆರಡು ವರ್ಷವಾಗಿತ್ತು. ಪಾತ್ರಗಳೆಲ್ಲ ಬೆಳಕುನಟರು, ಅಂದರೆ ಗಣಕ ಹೆಣೆದ ಬೆಳಕಿನ ದೇಹಗಳು. ಕಥೆ ಬರೆಯುವವರೂ ಇರಲಿಲ್ಲ. ನೋಡುಗರು ಒಂದು ಪಾತ್ರದ ಬಗ್ಗೆ ಇವತ್ತು ಬರೆದದ್ದನ್ನು ತೂಗಿ, ಆ ಪಾತ್ರಕ್ಕೆ ಮುಂದೆ ಏನಾಗಬೇಕೆಂದು ಭಾವತುಲೆಯೇ ತೀರ್ಮಾನಿಸುತ್ತಿತ್ತು. ಆದರೆ ನಮ್ಮವರ ಕೊಂಕು ಯಂತ್ರಕ್ಕೆ ಎಲ್ಲಿಂದ ತಿಳಿಯಬೇಕು? ‘ಆಹಾ, ಎಂಥಾ ಸೊಸೆ!’ ಎಂದು ಯಾರೋ ಹಲ್ಲು ಕಡಿದು ಬರೆದರೆ, ಪಾಪ, ಅದು ಹೊಗಳಿಕೆ ಎಂದುಕೊಂಡು ಅರಿಸಿನದ ಮಂಜು ಬಿಡುತ್ತಿತ್ತು. ಹಾಗಾಗಿ ನಲವತ್ತು ವಿದ್ಯಾರ್ಥಿಗಳನ್ನು ಭಯ, ಸಿಟ್ಟು, ಅಕ್ಕರೆ, ಬೇಸರ ಎಂದು ನಾಲ್ಕು ತಂಡ ಮಾಡಿ, ಬಂದ ಮಾತುಗಳನ್ನು ಹಸನು ಮಾಡಲು ಕೂರಿಸಿದ್ದರು. ಒಂದೊಂದು ಮಾತಿಗೂ ‘ಇದು ನಮ್ಮದು, ನಿಮ್ಮದಲ್ಲ’ ಎಂದು ಕಿತ್ತಾಡುವ ಈ ತಂಡಗಳನ್ನು ಸಂಭಾಳಿಸಿ, ಕೊನೆಗೆ ಹೆಬ್ಬೆಟ್ಟೊತ್ತಿ ತುಲೆಯ ತೀರ್ಮಾನಕ್ಕೆ ಒಪ್ಪಿಗೆ ಕೊಡುವವಳು ಸಂಯೋಜಕಿ ಅಂಬುಜಾಕ್ಷಿ.

ಆ ಸೋಮವಾರ ಪರದೆಯ ಮೇಲೆ ಬಂದ ತೀರ್ಮಾನವನ್ನು ಅವಳು ಎರಡೆರಡು ಸಲ ಓದಿದಳು. ಧಾರಾವಾಹಿಯ ನಾಯಕಿ ಮಂದಾಕಿನಿ ತುಂಬು ಬಸುರಿ. ಹೊಟ್ಟೆಯೊಳಗಿನ ಮಗುವಿಗೂ ಒಂದು ಲೆಕ್ಕವಿತ್ತು: ಪಾತ್ರ ಹತ್ತೊಂಬತ್ತು. ನೂರು ದಿನಗಳಲ್ಲಿ ಆ ಮಗುವಿನ ಮೇಲೆ ಬಿದ್ದ ಅಕ್ಕರೆಯ ತೂಕ ಸೊನ್ನೆ. ಯಾರಿಗೂ ಬೇಡವಾದ ಪಾತ್ರವನ್ನು ಉಳಿಸಿಕೊಳ್ಳುವುದು ತುಲೆಯ ನಿಯಮದಲ್ಲಿಲ್ಲ. ಗುರುವಾರದ ಕಂತಿನಲ್ಲಿ ಮಂದಾಕಿನಿ ಮೆಟ್ಟಿಲ ಮೇಲೆ ಜಾರುತ್ತಾಳೆ, ಮಗು ಹೋಗುತ್ತದೆ. ಬುಧವಾರದೊಳಗೆ ಅಂಬುಜಾಕ್ಷಿ ಹೆಬ್ಬೆಟ್ಟೊತ್ತಬೇಕು, ಇಲ್ಲದಿದ್ದರೆ ಬೇರೆ ಯಾರಾದರೂ ಒತ್ತುತ್ತಾರೆ.

ಅಂಬುಜಾಕ್ಷಿಗೆ ಮೂವತ್ತೊಂಬತ್ತು ವರ್ಷ, ಬಸುರಿಯಾಗಿ ಆರು ತಿಂಗಳು ತುಂಬಿತ್ತು. ನಾಲ್ಕು ವರ್ಷದ ಹಿಂದೆ ಒಮ್ಮೆ ಹೀಗೇ ಆಗಿ, ಬೀದಿಗೆಲ್ಲ ಸಿಹಿ ಹಂಚಿ, ಹೆಸರನ್ನೂ ಆರಿಸಿಟ್ಟು, ಏಳನೇ ತಿಂಗಳಲ್ಲಿ ಕಳೆದುಕೊಂಡಿದ್ದಳು. ಈ ಸಲ ಗಂಡ ಮತ್ತು ಡಾಕ್ಟರಮ್ಮನ ಹೊರತು ಯಾರೊಂದಿಗೂ ಬಾಯಿ ಬಿಟ್ಟಿರಲಿಲ್ಲ. ಸಡಿಲ ಅಂಗಿ ತೊಟ್ಟು, ಮೇಲೊಂದು ಶಾಲು ಹೊದ್ದು ಓಡಾಡುತ್ತಿದ್ದಳು. ಬೆಳಕಿನ ಮಗುವಿನ ಸಾವಿಗೆ ಹೆಬ್ಬೆಟ್ಟೊತ್ತಿದರೆ ತನ್ನ ಮಗುವಿಗೆ ಏನಾದರೂ ಆದೀತು ಎಂದು ಅವಳಿಗೆ ಭಯವಾಯಿತು. ಇದು ಮೂಢನಂಬಿಕೆ ಎಂದು ಗೊತ್ತಿತ್ತು. ಗೊತ್ತಿದ್ದರೆ ಏನಾಯಿತು, ಭಯ ಬಿಡುತ್ತದೆಯೇ?

ಭಾವತುಲೆಯನ್ನು ಕಟ್ಟಿದ ವಿಜ್ಞಾನಿ ಡಾಕ್ಟರ್ ತಿಪ್ಪಯ್ಯ ಅದೇ ಕಟ್ಟಡದಲ್ಲಿದ್ದರು. ಅವಳು ಅವರನ್ನೇ ಕರೆತಂದಳು.

“ಅಲ್ರೀ ಅಂಬುಜಾಕ್ಷಿ, ನೋಡೋರು ಎರಡು ಕೋಟಿ ಜನ. ಮೆಟ್ಟಿಲು ಹತ್ಬೇಡ, ಗ್ರಹಣದಲ್ಲಿ ಹೊರಗೆ ಬರ್ಬೇಡ ಅಂತ ತಾಯಿಗೆ ದಿನಾ ಲಕ್ಷಗಟ್ಲೆ ಬುದ್ಧಿ ಹೇಳ್ತಾರೆ. ಮಗು ಬಗ್ಗೆ ಒಂದಾದ್ರೂ ಒಳ್ಳೆ ಮಾತು? ಊಹೂಂ. ಅಂದ್ರೆ ಯಾರಿಗೂ ಬೇಡ.”

“ಮಗು ಬೇಕು ಅಂತಲೇ ಬರೆದಿಲ್ಲ ಸಾರ್. ಹುಟ್ಟೋಕೆ ಮುಂಚೆ ಮಗೂನ ಯಾರಾದ್ರೂ ಹೊಗಳ್ತಾರಾ? ದೃಷ್ಟಿಯಾಗುತ್ತೆ ಅಂತ ತೊಟ್ಟಿಲು ಸಹ ತರಲ್ಲ.”

“ಆಡದೇ ಇರೋ ಮಾತನ್ನ ತೂಗೋದು ಹೆಂಗಮ್ಮಾ? ಗಾಳಿ ಗಂಟು ಕಟ್ಟಿದಂಗಾಯ್ತು!”

ಅಕ್ಕರೆಯ ತಂಡದ ಮುಂದಾಳು ನಸ್ರೀನ್ ಎದ್ದು ನಿಂತಳು. “ಸಾರ್, ಬರೆದು ಅಳಿಸಿದ್ದನ್ನ ತೂಗಬಹುದಲ್ವಾ?”

ಜನ ಬರೆದು, ಕಳಿಸುವ ಮೊದಲೇ ಅಳಿಸಿಬಿಟ್ಟ ಮಾತುಗಳೂ ತುಲೆಯ ತಳದ ಅಳಿಕೆಬುಟ್ಟಿಯಲ್ಲಿ ಬಂದು ಬೀಳುತ್ತಿದ್ದವು. ಯಾರು ಬರೆದರೆಂಬ ಹೆಸರಿಲ್ಲದೆ, ಊರಿನ ಗುರುತು ಮಾತ್ರ ಹೊತ್ತ ಆ ತುಣುಕುಗಳನ್ನು ಇದುವರೆಗೆ ಯಾರೂ ತೆರೆದು ನೋಡಿರಲಿಲ್ಲ.

“ಅದು ಕಸ ಕಣಮ್ಮಾ,” ಎಂದರು ತಿಪ್ಪಯ್ಯ.

“ಕಸದಿಂದ ರಸ ಅಂತ ನೀವೇ ಪಾಠ ಮಾಡಿದ್ರಲ್ಲ ಸಾರ್!”

ಮಂಗಳವಾರ ಬೆಳಗ್ಗೆ ನಾಲ್ಕೂ ತಂಡಗಳು ಜಗಳ ಮರೆತು ಬುಟ್ಟಿಯ ಮುಂದೆ ಕೂತವು. ‘ಹೆಣ್ಣಾದ್ರೆ ಅವರಮ್ಮಂದೇ ಮೂಗು ಬರ್ಲಿ’ ಎಂದು ಯಾರೋ ಬರೆದು ಅಳಿಸಿದ್ದರು. ಸಿಂಧನೂರಿನ ಒಬ್ಬರು ‘ಕೂಸು ಒದಿಯಾಕ ಹತ್ತೈತಿ ನೋಡ್ರಿ’ ಎಂದು ಬರೆದು, ಹೆದರಿದವರಂತೆ ಒಂದೊಂದೇ ಅಕ್ಷರ ಹಿಂದಕ್ಕೆ ತೆಗೆದಿದ್ದರು. ಹೊಸದುರ್ಗದಿಂದ ಯಾರೋ ತೊಂಬತ್ತು ದಿನವೂ ತಪ್ಪದೆ ‘ಚಿಗುರು’ ಎಂದು ಒಂದು ಹೆಸರು ಬರೆದು, ತೊಂಬತ್ತು ದಿನವೂ ಅಳಿಸಿದ್ದರು. ಇಂಥವು ಹನ್ನೊಂದು ಲಕ್ಷವಿದ್ದವು.

ಅವನ್ನೆಲ್ಲ ತುಲೆಗೆ ಸುರಿದಾಗ ಕಂಬದ ತಳದಿಂದ ಅರಿಸಿನದ ಮಂಜು ಮೆಲ್ಲಗೆ ಎದ್ದಿತು. ನೀಲಿ ಮುಳುಗಿತು, ಕೆಂಪು ಮುಳುಗಿತು, ಮಂಜು ಚಾವಣಿಯ ತನಕ ಏರಿ ಅಲ್ಲೇ ತೂಗಾಡಿತು. ಕಿಟಕಿಯ ಬಿಸಿಲೂ ಅದೂ ಬೆರೆತು ನಲವತ್ತು ಮುಖಗಳೂ ಅರಿಸಿನ ಹಚ್ಚಿಸಿಕೊಂಡ ಮದುಮಕ್ಕಳ ಮುಖಗಳಂತಾದವು. ಯಾರೂ ಕದಲಲಿಲ್ಲ. ಅಂಬುಜಾಕ್ಷಿ ಶಾಲಿನೊಳಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಇಷ್ಟು ಜನಕ್ಕೆ ಇದು ಬೇಕಾಗಿದೆ ಎಂದುಕೊಂಡು ನಿಂತೇ ಇದ್ದಳು.

ಆದರೆ ಒಂದನ್ನು ಎಲ್ಲರೂ ಮರೆತಿದ್ದರು. ತೂಗಿದ್ದನ್ನೆಲ್ಲ ಧಾರಾವಾಹಿಯ ಕೊನೆಗೆ ಪರದೆಯ ಮೇಲೆ ಸಾರುವುದು ಭಾವತುಲೆಯ ರೂಢಿ. ಅಂದು ಸಂಜೆ ಅದು ದಪ್ಪಕ್ಷರದಲ್ಲಿ ಸಾರಿತು: ‘ಹುಟ್ಟಲಿರುವ ಮಗುವಿನ ಮೇಲೆ ನಾಡಿನ ಅಕ್ಕರೆ: ನೂರಕ್ಕೆ ತೊಂಬತ್ತೊಂಬತ್ತು!’

ಅಯ್ಯೋ, ಆಗಬಾರದ್ದು ಆಗಿಹೋಯಿತು! ಇಷ್ಟು ದಿನ ಜನ ಒಬ್ಬರಿಗೂ ತಿಳಿಯದಂತೆ ಮುಚ್ಚಿಟ್ಟದ್ದನ್ನು ಹಾಳು ಯಂತ್ರ ಊರಿಗೆಲ್ಲ ಡಂಗುರ ಸಾರಿತ್ತು. ಮನೆಮನೆಯಲ್ಲಿ ಟಿ.ವಿ.ಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಬೀದಿಗೆ ಬೀದಿಯೇ ಕೆಮ್ಮಿತು. ಬುಧವಾರ ಬೆಳಗಾಗುವಷ್ಟರಲ್ಲಿ ಬೈಗುಳದ ಮಳೆ. ‘ಯಾವ ಮಹಾ ಕೂಸೋ, ಕೋತಿ ಮೂತಿ!’ ‘ಸೊಟ್ಟ ಕಿವಿ, ಚಪ್ಪಟೆ ಮೂಗು, ಥೂ!’ ‘ಅದೊಂದು ಮಗುನಾ? ಬಾಡಿದ ಬದನೆಕಾಯಿ!’

“ಮೇಡಂ, ಇವನ್ನ ಏನು ಮಾಡೋಣ?” ಎಂದ ಸಿಟ್ಟಿನ ತಂಡದ ಕೊಟ್ರೇಶ. “ನಮ್ಮ ರಾಶಿಗೆ ಹಾಕಿದ್ರೆ ಮಗು ಹೋಗುತ್ತೆ. ಅಕ್ಕರೆಗೆ ಹಾಕಿದ್ರೆ ಇವತ್ತು ಸಂಜೆ ಮತ್ತೆ ಸಾರುತ್ತೆ, ಜನ ಇನ್ನೂ ಹೆದರ್ತಾರೆ. ನೀಲಿ ಆಗ್ಲೇ ಅರ್ಧ ಏರಿದೆ. ಭಯ ಜಾಸ್ತಿ ಆದ್ರೂ ಪಾತ್ರ ತೆಗೆದುಹಾಕೋದೇ ನಿಯಮ.”

ತಿಪ್ಪಯ್ಯ ಪರದೆ ಓದಿ ತಲೆ ಕೊಡವಿದರು. “ನಿನ್ನೆ ಅಷ್ಟು ಪ್ರೀತಿ, ಇವತ್ತು ಇಷ್ಟು ಬೈಗುಳ! ಈ ಜನಕ್ಕೆ ತಲೆ ಕೆಟ್ಟಿದೆಯಾ?”

ಅಂಬುಜಾಕ್ಷಿಗೆ ತಡೆಯಲಾಗಲಿಲ್ಲ. “ಸಾರ್, ತಪ್ಪು ತಿಳ್ಕೋಬೇಡಿ. ನಿಮಗೆ ತಿಪ್ಪಯ್ಯ ಅಂತ ಯಾಕೆ ಹೆಸರಿಟ್ರು?”

ತಿಪ್ಪಯ್ಯ ಕನ್ನಡಕ ತೆಗೆದು ಮೆಲ್ಲಗೆ ಹೇಳಿದರು. “ನನಗಿಂತ ಮುಂಚೆ ಮೂರು ಹೋಗಿದ್ವಂತೆ. ನಾನು ಹುಟ್ಟಿದ ದಿನ ನಮ್ಮವ್ವ ನನ್ನ ತಿಪ್ಪೆ ಮೇಲೆ ಉರುಳಿಸಿ, ಇದು ಕಸ, ಯಾರಿಗೂ ಬೇಡ ಅಂತ ಕೂಗಿದ್ಳಂತೆ. ಸಾಯೋ ತನಕ ನನಗೆ ಒಂದು ಒಳ್ಳೆ ಮಾತು ಆಡ್ಲಿಲ್ಲ. ಕಸ ಬಂತು ನೋಡು, ಊಟಕ್ಕೆ ಬಡಿಸು ಅನ್ನೋಳು.” ಅವರ ಕಣ್ಣು ತುಂಬಿತ್ತು. “ಅರವತ್ತು ವರ್ಷ ಆಯ್ತು. ಇಷ್ಟು ದೊಡ್ಡ ತಕ್ಕಡಿ ಕಟ್ಟಿದೆ. ಅವಳ ಒಂದು ಮಾತು ತೂಗೋಕೆ ಬರ್ಲಿಲ್ಲ ನನಗೆ.”

ಅವರು ಎದ್ದು ಹೋಗಿ ಹತ್ತೊಂಬತ್ತನೇ ಪಾತ್ರವನ್ನು ತುಲೆಯಿಂದ ಬಿಡಿಸಿದರು. “ಧಾರಾವಾಹಿ ಕಂಪನಿಯವರು ಕೇಳಿದ್ರೆ ನಾನು ಹೇಳ್ಕೋತೀನಿ. ಇದನ್ನ ಯಾರೂ ತೂಗೋದು ಬೇಡ. ಬರೋದಿದ್ರೆ ಬರ್ಲಿ ತನ್ನ ಪಾಡಿಗೆ.”

ಗುರುವಾರ ಮಂದಾಕಿನಿ ಮೆಟ್ಟಿಲು ಇಳಿದಳು, ಜಾರಲಿಲ್ಲ. ಮುಂದಿನ ವಾರ ಹೆಣ್ಣು ಮಗು ಹುಟ್ಟಿತು. ಮಗುವಿನ ದೃಶ್ಯ ಬಂದಾಗ ಕಂಬದೊಳಗೆ ಯಾವ ಬಣ್ಣವೂ ಏಳಲಿಲ್ಲ. ಬರಿಯ ಗಾಜಿನಾಚೆ ಪರದೆಯ ಮೇಲಿನ ಕೂಸು ಕೈಕಾಲು ಆಡಿಸುತ್ತಿತ್ತು. ವಿದ್ಯಾರ್ಥಿಗಳು ಕುರ್ಚಿ ಹತ್ತಿ ಕುಣಿದರು. ಅಂಬುಜಾಕ್ಷಿಯ ಮೈಯಲ್ಲಿದ್ದ ಬಿಗಿತವೆಲ್ಲ ಇಳಿದುಹೋಗಿ, ಅವಳು ಮೊದಲ ಸಲ ಶಾಲು ಪಕ್ಕಕ್ಕಿಟ್ಟು ಉಸಿರೆಳೆದುಕೊಂಡಳು.

ಕುಣಿತ ಒಮ್ಮೆಲೇ ನಿಂತಿತು. ನಲವತ್ತು ಜನರೂ ಅವಳನ್ನು ನೋಡಿದರು, ತಕ್ಷಣ ಬೇರೆ ಕಡೆ ನೋಡಿದರು. ಅವಳು ಶಾಲಿಗೆ ಕೈ ಹಾಕುವಷ್ಟರಲ್ಲಿ ನಸ್ರೀನ್ ಹತ್ತಿರ ಬಂದು ಮುಖ ಗಂಟಿಕ್ಕಿದಳು.

“ಮೇಡಂ, ನೀವು ಈ ನಡುವೆ ಒಂದು ಚೂರೂ ಚೆನ್ನಾಗಿ ಕಾಣ್ತಿಲ್ಲ.”

“ಹೌದೌದು, ಹಳೇ ಸೋರೆಕಾಯಿ ಆಗಿದ್ದೀರ,” ಎಂದು ಹಿಂದಿನಿಂದ ಇನ್ನೊಬ್ಬಳು ಕೂಗಿದಳು.

ಕೊಟ್ರೇಶ ನೆಲ ನೋಡುತ್ತ, ಕುರ್ಚಿಯೊಂದನ್ನು ಅವಳ ಹಿಂದೆ ಸರಿಸಿದ. “ನಿಮ್ಮ ಮನೇಲಿ ವಿಶೇಷ ಏನೂ ಇಲ್ಲ ಅಂತ ನಮಗೆ ಗೊತ್ತು ಮೇಡಂ. ಏನಂದ್ರೆ ಏನೂ ಇಲ್ಲ.”

ಅಂಬುಜಾಕ್ಷಿ ಕೂತಳು. ನಾಲ್ಕು ವರ್ಷದಿಂದ ಕಟ್ಟಿಕೊಂಡಿದ್ದ ಅಳು ಒಡೆದು ಬಂತು. ಸಂತೋಷಕ್ಕೆ ಇಷ್ಟು ಅಳಬಹುದೆಂದು ಅವಳಿಗೆ ತಿಳಿದಿರಲಿಲ್ಲ. ಕಣ್ಣೊರೆಸಿಕೊಂಡು ಹೇಳಿದಳು:

“ಹೋಗ್ರೋ ಕತ್ತೆಗಳಾ, ಕೆಲಸ ನೋಡ್ಕೊಳ್ಳಿ.”