ಎರಡು ನೀಲಿ ಹನಿಗಳ ನಡುವಿನ ಗೆರೆ

ರಾಯಚೂರಿನ ಒಂದು ಪರೀಕ್ಷಾ ಕೇಂದ್ರದಲ್ಲಿ, ಕನ್ನಡ ಟೈಪಿಂಗ್ ಪರೀಕ್ಷೆ ಶುರುವಾಗಲು ಎರಡು ನಿಮಿಷ ಇರುವಾಗ, ಮೇಘಾ ಎಂಬ ಅಭ್ಯರ್ಥಿಯ ಕಂಪ್ಯೂಟರಿನಲ್ಲಿ ದಪ್ಪಗಿದ್ದ ಕರ್ಸರನ್ನು ತೆಳ್ಳಗೆ ಮಾಡಿಸಲಾಯಿತು. ಮಾಡಿಸಿದವರು ಕೇಂದ್ರದ ಮೇಲ್ವಿಚಾರಕರು. ಮಾಡಿದವನು ಲ್ಯಾಬಿನ ಗುತ್ತಿಗೆ ನೌಕರ ಶೇಖರ. ಮೇಘಾ ನಪಾಸಾದಳು.

ಅದರ ಹಿಂದಿನ ದಿನ ಮಧ್ಯಾಹ್ನ ಮೇಘಾ, ಶೇಖರ ಇಬ್ಬರೂ ಮೊದಲ ಸಲ ಮಾತಾಡಿದ್ದರು.

ಅಭ್ಯರ್ಥಿಗಳು ಒಂದು ದಿನ ಮೊದಲೇ ಬಂದು ತಮ್ಮ ಮಷಿನ್ ನೋಡಿಕೊಂಡು ಹೋಗಬಹುದೆಂದು ತಿಳಿಸಿದ್ದರು. ಮಾನ್ವಿ ತಾಲೂಕಿನ ಕುರ್ಡಿಯಿಂದ ಬಂದಿದ್ದ ಮೇಘಾ ಹದಿನೇಳನೇ ನಂಬರಿನ ಮುಂದೆ ಕೂತು, ಕಾಳು ಹೆಕ್ಕುವ ಕೋಳಿಯ ಹಾಗೆ ಕತ್ತನ್ನು ಆಚೆ ಈಚೆ ಆಡಿಸುತ್ತಿದ್ದಳು.

“ಏನ್ ಕಳಕೊಂಡೀರಿ ಮೇಡಂ?”

“ಕರ್ಸರ್.”

“ಬೆಂಡೋಲಿ ಕಳಕೊಂಡವ್ರನ್ನ ನೋಡೀನಿ. ಕರ್ಸರ್ ಕಳಕೊಂಡವ್ರನ್ನ ಇವತ್ತ ನೋಡಿದ್ದು.”

“ನಗ್ರಿ, ನಗ್ರಿ. ಇಷ್ಟಗಲ ಪರದಿ ಮ್ಯಾಲ ಒಂದ ಕೂದಲೆಳಿ ನಿಂದ್ರಿಸಿ ಹುಡುಕು ಅಂದ್ರ ಹೆಂಗ್ರೀ?”

ಹಾಗೆನ್ನುತ್ತ ಅವಳು ದನಿ ಬಂದ ಕಡೆ ತಿರುಗಿದಳು. ಮೊದಲು ಸಿಕ್ಕದ್ದು ಅಂಗಿಯ ಒಂದು ಗುಂಡಿ. ಆಮೇಲೆ ಜೇಬಿನಲ್ಲಿ ಸಿಕ್ಕಿಸಿದ್ದ ಸ್ಕ್ರೂಡ್ರೈವರ್. ಗಂಟಲ ಮಣಿ, ಎಡಕ್ಕೆ ತುಸು ಸೊಟ್ಟಗಿದ್ದ ಮೀಸೆ. ಕಣ್ಣುಗಳು ಕೊನೆಗೆ ಸಿಕ್ಕವು. ಅವಳು ಅಲ್ಲಿಗೆ ತಲುಪುವಷ್ಟರಲ್ಲಿ ಅವುಗಳಲ್ಲಿನ ನಗು ಹೊರಟುಹೋಗಿತ್ತು.

“ಕಣ್ಣು ಹೆಂಗ ಅದಾವ ನಿಮ್ಮವು?” ಎಂದ ಶೇಖರ. ಯಾರೂ ಹೀಗೆ ನೇರ ಕೇಳುತ್ತಿರಲಿಲ್ಲ. ಅಯ್ಯೋ ಅನ್ನುತ್ತಿದ್ದರು, ಇಲ್ಲವೇ ಮೆಲ್ಲಗೆ ಅವ್ವನನ್ನು ಕೇಳುತ್ತಿದ್ದರು.

“ನಡುವಿಂದು ಛಲೋ ಅದ. ಸುತ್ತಲಿಂದ ಹೋಗಾಕತ್ತದ. ಕೊಳವಿಯಾಗ ಇಣುಕಿ ನೋಡಿದಂಗ.”

“ಸರ್ಟಿಫಿಕೇಟ್ ಐತೇನು?”

“ಮೂವತ್ತು ಪರ್ಸೆಂಟ್. ನಲವತ್ತಿದ್ರ ಸವಲತ್ತು ಅಂತ. ಇನ್ನ ಹತ್ತು ಪರ್ಸೆಂಟ್ ಕುರುಡಾಗಿ ಬರ್ತೀನಿ, ಅಲ್ಲೀತನಕ ನನ್ನ ನಂಬರ್ ಹಿಡ್ಕೊಂಡಿರ್ರಿ ಅಂದೆ. ಆ ಗುಮಾಸ್ತ ನಗಲೇ ಇಲ್ಲ ನೋಡ್ರಿ.”

ಶೇಖರನೂ ನಗಲಿಲ್ಲ. ಅವಳ ಪಕ್ಕಕ್ಕೆ ಬಾಗಿ ಮೌಸ್ ಹಿಡಿದ. ಸೆಟ್ಟಿಂಗ್ಸ್ ತೆರೆದು, ಒಂದರೊಳಗೊಂದು ಹೊಕ್ಕು, ಒಂದು ಪಟ್ಟಿಯನ್ನು ಬಲಕ್ಕೆ ಎಳೆದ. ಪರದೆಯ ಮೇಲೆ ಮಿಣುಕುತ್ತಿದ್ದ ಕೂದಲೆಳೆ ಬೆಂಕಿಕಡ್ಡಿಯಷ್ಟು ದಪ್ಪವಾಯಿತು. ಇನ್ನೊಂದು ಕಡೆ ಒತ್ತಿದ. ಗೆರೆಯ ತಲೆಗೊಂದು, ಕಾಲಿಗೊಂದು ಬಣ್ಣದ ಹನಿ ಬಂದು ಕೂತವು.

“ಇದಕ್ಕ ಯಾರ ಪರ್ಮಿಷನ್ನೂ ಬ್ಯಾಡ. ಎಲ್ಲಾ ಮಷಿನಿನಾಗೂ ಕಂಪನಿಯವ್ರು ಇಟ್ಟ ಕಳಿಸ್ತಾರ. ಯಾರೂ ತೆಗೆದು ನೋಡಂಗಿಲ್ಲ, ಅಷ್ಟ. ಹನಿ ಯಾವ ಬಣ್ಣ ಇರ್ಲಿ?”

“ನೀಲಿ.”

ಅವನು ತಿರುಗಿ ಅವಳನ್ನೇ ನೋಡಿದ. “ನಮ್ಮ ಬಣ್ಣ?”

“ನಿಮ್ದೂ ಹೌದೇನು?”

“ದೇವದುರ್ಗದಾಗ ನಮ್ಮ ಕೇರಿಗೆ ಬಂದು ನಮ್ಮನಿ ಗ್ವಾಡಿ, ಮ್ಯಾಲಿನ ನೀಲಿ ಝಂಡಾ ನೋಡ್ರಿ, ಗೊತ್ತಾಗ್ತದ.”

ಮೇಘಾ ಒಂದು ಸಾಲು ಬಡಿದಳು. ಇನ್ನೊಂದು ಬಡಿದಳು. ಗೆರೆ ಎಲ್ಲಿ ಓಡಿದರೂ ಎರಡು ನೀಲಿ ಹನಿಗಳು ಅದನ್ನು ಹಿಡಿದು ತಂದು ತೋರಿಸಿದವು. ಎಷ್ಟೋ ತಿಂಗಳ ಮೇಲೆ ಅವಳ ಕತ್ತು ಅಲುಗದೆ ನಿಂತಿತ್ತು.

ಹೊರಡುವಾಗ ಬಾಗಿಲಲ್ಲಿ ನಿಂತು ಹಿಂದಿರುಗಿ ನೋಡಿದಳು. ಎಂಟು ಹೆಜ್ಜೆ ದೂರದಲ್ಲಿ ಅವನು, ತಲೆಯಿಂದ ಚಪ್ಪಲಿಯವರೆಗೆ, ಒಂದೇ ನೋಟಕ್ಕೆ ಸಿಕ್ಕ.

“ಈಗ ಪೂರ್ತಿ ಕಾಣಾಕತ್ತೀರಿ ನೋಡ್ರಿ. ಹತ್ರ ಬಂದ್ರ ತುಂಡು ತುಂಡು.”

“ಹಂಗಾರ ನಾಳಿ ದೂರನ ನಿಂದ್ರತೀನಿ ಬಿಡ್ರಿ,” ಎಂದ ಶೇಖರ, ಮೀಸೆಯಡಿ ನಗುತ್ತ.

ಮರುದಿನ ಅವನಿಗೆ ದೂರ ನಿಲ್ಲಲಾಗಲಿಲ್ಲ.

ಮೇಲ್ವಿಚಾರಕರು ಸಾಲು ಸಾಲಾಗಿ ನೋಡುತ್ತ ಬಂದು ಹದಿನೇಳರ ಹಿಂದೆ ನಿಂತರು. “ಇದೇನಿದು, ನೀಲಿ ಬೊಟ್ಟು?” ಅಂದರು. ಮೇಘಾ ಹೇಳಹೋದಳು. ಅವರು ಅವಳ ಕಡೆ ನೋಡಲೂ ಇಲ್ಲ. “ಎಲ್ಲಾ ಮಷಿನ್ ಒಂದೇ ನಮೂನಿ ಇರಬೇಕು. ಯಾರಲ್ಲಿ ಲ್ಯಾಬ್‌ದಾಂವ? ತೆಗಿ ಇದನ್ನ.”

ಒಂದೇ ನಮೂನಿ! ಎಲ್ಲರಿಗೂ ಒಂದೇ ಅಂಗಿ ತೊಡಿಸಿದ ಹಾಗೆ; ಅದನ್ನು ಯಾರ ಮೈ ಅಳತೆಗೆ ಹೊಲಿದಿದ್ದಾರೆಂದು ಆ ಕೋಣೆಯಲ್ಲಿ ಯಾರೂ ಕೇಳಲಿಲ್ಲ. ಶೇಖರನ ಕೈ ಅವಳ ಕಣ್ಣ ಕೊಳವೆಯೊಳಗೆ ಬಂತು. ಮೂರು ಕ್ಲಿಕ್ ಕೇಳಿಸಿದವು. ಹನಿಗಳು ಹೋದವು, ಗೆರೆ ಹೋಯಿತು. ಆ ಕೈ ಹಿಂದೆ ಸರಿಯುವಾಗ ಮೌಸು ಇನ್ನೊಮ್ಮೆ ಎಲ್ಲೋ ಕ್ಲಿಕ್ ಎಂದಿತು.

ಗಂಟೆ ಬಾರಿಸಿದರು. ಮೇಘಾ ಕಲಿತದ್ದು ಮಾನ್ವಿಯ ಮಹಾಂತಯ್ಯ ಮಾಸ್ತರರ ಟೈಪಿಂಗ್ ಶಾಲೆಯಲ್ಲಿ, ಹಳೆಯ ಟೈಪ್‌ರೈಟರಿನ ಮೇಲೆ. ಕಣ್ಣು ಪುಸ್ತಕ ಬಿಟ್ಟು ಅಲುಗಿದರೆ ಮಾಸ್ತರರು ಕಟ್ಟಿಗೆ ಪಟ್ಟಿಯಿಂದ ಗೆಣ್ಣಿಗೆ ಹೊಡೆಯುತ್ತಿದ್ದರು. ಆ ಮಷಿನಿನಲ್ಲಿ ಅಕ್ಷರ ಬೀಳುವ ಜಾಗ ಎಲ್ಲೂ ಓಡುವುದಿಲ್ಲ, ಕಾಗದವೇ ಅದರ ಮುಂದೆ ಸರಿಯುತ್ತದೆ. ಅದೇ ನಂಬಿಕೆಯಲ್ಲಿ ಅವಳು ಹತ್ತು ನಿಮಿಷ ಪ್ರಶ್ನೆಪತ್ರಿಕೆಯಿಂದ ಕಣ್ಣು ಕೀಳದೆ ಬಡಿದಳು. ಒಂದು ತಪ್ಪಿಲ್ಲದೆ ಬಡಿದಳು. ಆದರೆ ಆ ಕೊನೆಯ ಕ್ಲಿಕ್ಕಿಗೆ ಕರ್ಸರ್ ಜಾಗ ಬದಲಿಸಿತ್ತು; ಅಷ್ಟೂ ಅಕ್ಷರಗಳು ಪರದೆಯ ತಲೆಯಲ್ಲಿದ್ದ ಸೂಚನೆಯ ಹೊಟ್ಟೆಯೊಳಗೆ ಹೋಗಿ ಬಿದ್ದಿದ್ದವು. ಉತ್ತರದ ಜಾಗ ಬಿಳಿಯಾಗಿತ್ತು. ಸೊನ್ನೆ ಕೊಟ್ಟರು.

ಫಲಿತಾಂಶ ಬಂದ ಮೂರನೇ ದಿನ ಶೇಖರ ಮಾನ್ವಿಗೆ, ಮಹಾಂತಯ್ಯನವರ ಶಾಲೆಗೆ ಹುಡುಕಿಕೊಂಡು ಬಂದ. ಮೇಘಾ ಟೈಪ್‌ರೈಟರಿನ ಮುಂದಿದ್ದಳು. ಬಾಗಿಲಲ್ಲಿ ಪೂರ್ತಿ ಕಂಡ ಅವನನ್ನು ನೋಡಿದವಳೇ ಮತ್ತೆ ಪುಸ್ತಕಕ್ಕೆ ಕಣ್ಣಿಟ್ಟಳು.

“ಮೂರು ಕ್ಲಿಕ್ ಕೇಳಿದೆ ನಾ,” ಎಂದಳು.

“ನಾನ ಒತ್ತಿದ್ದು.”

“ಯಾಕ್ರೀ?”

ಅವಳು ಬಡಿಯುತ್ತಲೇ ಇದ್ದಳು. ಟೈಪ್‌ರೈಟರಿನ ಗಂಟೆ ಎರಡು ಸಲ ಟಿಣ್ ಎಂದಿತು.

“ತೆಗಿ ಅಂದ್ರು, ತೆಗದೆ. ನಮ್ಮ ಮುತ್ತ್ಯಾಗ ಗೌಡ್ರ ಓಣಿಯಾಗ ಚಪ್ಪಲ್ ತೆಗಿ ಅಂದ್ರ ತೆಗದು ತಲಿ ಮ್ಯಾಲ ಇಟ್ಕೊಂಡು ಹೋಗ್ತಿದ್ದ. ನಾ ಡಿಪ್ಲೊಮಾ ಓದೀನಿ, ಇನ್‌ಶರ್ಟ್ ಮಾಡೀನಿ. ಕರ್ಸರ್ ತೆಗಿ ಅಂದ್ರು. ಕೈ ನನ್ನ ಕೇಳಲಾರದ ಹೋಯ್ತು. ಅದಕ್ಕ ಮೊದಲ ರೂಢಿ ಇತ್ತು.”

ಮೇಘಾಳ ಬೆರಳುಗಳು ನಿಂತವು. ಅವಳಿಗೆ ಬಯ್ಯಬೇಕೆನಿಸಿತ್ತು. ಮೂರು ದಿನದಿಂದ ಬೈಗಳನ್ನು ಜೋಡಿಸಿಟ್ಟುಕೊಂಡಿದ್ದಳು. ಅವನ್ನೆಲ್ಲ ಈಗ ಯಾರ ಮೇಲೆ ಹಾಕುವುದೋ ತಿಳಿಯಲಿಲ್ಲ.

“ಹಸಿವಾಗೇದ,” ಎಂದಳು ಕೊನೆಗೆ. “ವಗ್ಗರಣಿ ಮಿರ್ಚಿ ಕೊಡಸ್ರಿ. ಕ್ಷಮಾ ಗಿಮಾ ಆಮ್ಯಾಲ ನೋಡೂಣು.”

ಒಳಗಿನಿಂದ ಮಹಾಂತಯ್ಯ ಮಾಸ್ತರರು ಕೂಗಿದರು: “ನನಗೂ ಎರಡು ಮಿರ್ಚಿ ತಗೊಂಬಾರಪ್ಪ, ಕ್ಷಮಾ ಕೇಳಾಕ ಬಂದಾಂವ!”

ಆಮೇಲೆ ಭಾನುವಾರಗಳು ಬಂದವು. ರಾಯಚೂರಿನಲ್ಲಿ ಉಮ್ಮೇ ಕುಲ್ಸುಮ್ ಟೀಚರ್ ತಮ್ಮ ಮನೆಯ ಪಡಸಾಲೆಯಲ್ಲಿ ಓದುಕೂಟ ನಡೆಸುತ್ತಿದ್ದರು. ಹಮಾಲರ ಮಕ್ಕಳು, ನರ್ಸುಗಳು, ಪದವಿ ಮುಗಿಸಿ ಕೆಲಸವಿಲ್ಲದವರು ಚಾಪೆ ಮೇಲೆ ಕೂತು, ಒಬ್ಬರಾದ ಮೇಲೆ ಒಬ್ಬರು ಒಂದೊಂದು ಪುಟ ಗಟ್ಟಿಯಾಗಿ ಓದಬೇಕು. ಮೇಘಾಳ ಸರದಿ ಬಂದಾಗ ಸಾಲು ತಪ್ಪುತ್ತಿತ್ತು. ಶೇಖರ ಪಕ್ಕಕ್ಕೆ ಬಂದು ಕೂತು ತೋರುಬೆರಳನ್ನು ಸಾಲಿನ ಕೆಳಗಿಟ್ಟ. ಬೆರಳು ಸರಿದಂತೆ ಅವಳು ಓದಿದಳು. ಉಗುರಿನ ಪಕ್ಕದಲ್ಲಿ ಸಾಲ್ಡರಿಂಗ್ ಕಡ್ಡಿ ಸುಟ್ಟ ಕಲೆಯೊಂದಿತ್ತು. ಅವಳ ಜಗತ್ತು ಅಷ್ಟಗಲ ಇತ್ತು, ಅದರ ನಟ್ಟನಡುವೆ ಆ ಕಲೆ.

“ಬೆರಳು ನಡುಗಾಕತ್ತದ,” ಎಂದು ಪಿಸುಗುಟ್ಟಿದಳು.

“ನಿಮ್ಮ ಉಸಿರು ತಾಕಾಕತ್ತದ.”

“ತೆಗೀರಿ ಹಂಗಾರ.”

“ತೆಗಿ ಅಂದ್ರ ತೆಗಿಯೋದು ಬಿಟ್ಟೀನಿ.”

ಕುಲ್ಸುಮ್ ಟೀಚರ್ ಕನ್ನಡಕದ ಮೇಲಿಂದ ನೋಡಿದರು. “ಸಾಲು ಮುಗದು ಭಾಳೊತ್ತಾತು ನಮ್ಮವ್ವ. ಬೆರಳು ಮುಂದಕ್ಕ ಹೋಗಲಿ, ಕಥಿನೂ ಹೋಗಲಿ.”

ಇಡೀ ಪಡಸಾಲೆ ನಕ್ಕಿತು. ಮೇಘಾಳ ಕಿವಿ ಬಿಸಿಯಾದವು.

ದೂರು ಬರೆಯೋಣ ಅಂದದ್ದು ಟೀಚರ್. ಯಾವ ಗಂಟೆಗೆ, ಯಾರು ಹೇಳಿದರು, ಯಾರು ಮಾಡಿದರು ಎಲ್ಲವೂ ಇರಲಿ ಎಂದು ಶೇಖರನೇ ತನ್ನ ಹೆಸರನ್ನೂ ಬರೆಸಿದ. ಮೇಘಾ ಅದನ್ನು ಮಹಾಂತಯ್ಯನವರ ಟೈಪ್‌ರೈಟರಿನಲ್ಲಿ ಬಡಿದಳು, ಅಕ್ಷರ ಓಡಿಹೋಗದ ಮಷಿನಿನಲ್ಲಿ. ಪರೀಕ್ಷೆ ನಡೆಸಿದ ಇಲಾಖೆಗೆ ಕಳಿಸಿದ್ದಾಯಿತು. ಉತ್ತರ ಬರಲಿಲ್ಲ. ಇನ್ನೊಂದು ಕಳಿಸಿದರು. ಹತ್ತಿಯ ಕಾಲ ಮುಗಿಯಿತು. ಅಕ್ಕಿ ಮಿಲ್ಲಿನಲ್ಲಿ ತೌಡು ತುಂಬುವ ಅವ್ವ ಪಾರ್ವತೆಮ್ಮ ಕೆಮ್ಮುತ್ತ ಬಂದು, “ನಿಂದೊಂದು ನೌಕರಿ ಆದ್ರ ಈ ದೂಳು ಬಿಡ್ತೀನಿ ಯವ್ವಾ,” ಅನ್ನುವುದನ್ನೂ ಬಿಟ್ಟಳು. ಕಣ್ಣಿನ ಡಾಕ್ಟರು ಈ ಸಲ ಕೊಳವೆ ಇನ್ನೂ ಸಣ್ಣದಾಗಿದೆ ಎಂದರು. ಓದುವ ಕಣ್ಣು ಇನ್ನೆರಡು ವರ್ಷ ಉಳಿದರೆ ಹೆಚ್ಚು. ಮುಂದಿನ ನೇಮಕಾತಿ ಬರಲು ನಾಲ್ಕು ವರ್ಷವಾದರೂ ಬೇಕೆಂದು ಎಲ್ಲರಿಗೂ ಗೊತ್ತಿತ್ತು. ಈ ಎರಡು ಲೆಕ್ಕವನ್ನೂ ಮೇಘಾ ಯಾರ ಮುಂದೆಯೂ ಕೂಡಿಸಿ ಹೇಳಲಿಲ್ಲ. ಬಸ್ಸಿನ ಕಿಟಕಿಯಲ್ಲಿ ಭತ್ತದ ಗದ್ದೆಗಳು ತುಂಡು ತುಂಡಾಗಿ ಹಿಂದೆ ಹೋಗುವಾಗ ಒಬ್ಬಳೇ ಕೂಡಿಸಿಕೊಂಡಳು.

ಆರನೇ ತಿಂಗಳಿಗೆ ವಿಚಾರಣೆಗೆ ಕರೆದರು.

ವಿಚಾರಣಾಧಿಕಾರಿ ಮೆತ್ತನೆಯ ಮಾತಿನ ಮನುಷ್ಯ. ಚಹಾ ತರಿಸಿದರು. ಶೇಖರ ಎದುರಿನ ಗೋಡೆಗೆ ನಿಂತಿದ್ದ. ಅವನಿಗೆ ಕೂರಲು ಹೇಳಿರಲಿಲ್ಲ. ಮೇಜಿನ ಮೇಲೆ ಒಂದು ಕಾಗದ ಮೊದಲೇ ಟೈಪಾಗಿ ಕಾಯುತ್ತಿತ್ತು. ಅಧಿಕಾರಿ ತಾವೇ ಓದಿ ಹೇಳಿದರು: ‘ಲ್ಯಾಬ್ ನೌಕರ ಶೇಖರ ಎಂಬುವನು ಯಾರ ಸೂಚನೆಯೂ ಇಲ್ಲದೆ, ಸ್ವಂತ ನಿರ್ಧಾರದಿಂದ ನನ್ನ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ ನನಗೆ ಅನ್ಯಾಯ ಮಾಡಿರುತ್ತಾನೆ.’

“ಸಹಿ ಮಾಡ್ರಿ ತಂಗಿ. ಬರೋ ಸೋಮವಾರ ನಿಮಗೊಬ್ಬರಿಗೇ ಮರುಪರೀಕ್ಷೆ. ಕರ್ಸರ್ ಎಷ್ಟು ದಪ್ಪ ಬೇಕೋ ಅಷ್ಟು ಮಾಡಿ ಕೊಡ್ತೀವಿ. ಯಾವ ಬಣ್ಣ ಬೇಕೋ ಆ ಬಣ್ಣ.”

“ಇವ್ರಿಗೇನಾಗ್ತದ ಸರ್?”

“ಗುತ್ತಿಗೆ ಹುಡುಗ. ಕೆಲಸ ಹೋಗ್ತದ. ಪರೀಕ್ಷಾ ಮಷಿನ್ ಮುಟ್ಟಿದ್ದಕ್ಕೆ ಪೊಲೀಸರಿಗೊಂದು ದೂರು ಕೊಡಬೇಕಾಗ್ತದ. ಅಷ್ಟೇ.”

“ತೆಗಿ ಅಂದವ್ರಿಗೆ?”

ಅಧಿಕಾರಿಗೆ ಫೋನು ಬಂತು. ಅವರು ಎದ್ದು ಕಿಟಕಿಯ ಕಡೆ ಹೋದರು.

ಶೇಖರ ಗೋಡೆ ಬಿಟ್ಟು ಹತ್ತಿರ ಬಂದ. ಪೂರ್ತಿ ಇದ್ದವನು ತುಂಡಾದ: ಗುಂಡಿ, ಗಂಟಲ ಮಣಿ, ಒಣಗಿದ ತುಟಿ.

“ಸಹಿ ಮಾಡು ಮೇಘಾ. ಒತ್ತಿದ್ದು ನನ್ನ ಬೆರಳ. ಸುಳ್ಳೇನಿಲ್ಲ ಅದ್ರಾಗ.”

“ಯಾರ ಸೂಚನೆಯೂ ಇಲ್ಲದೆ ಅನ್ನೋದು?”

“ಅದೊಂದು ಸಾಲು ಬಿಟ್ಟು ಓದು.”

“ಸಾಲು ಬಿಟ್ಟು ಓದಾಕ ನೀ ನನಗ ಕಲಿಸಿಲ್ಲ.”

“ಹಟ ಮಾಡಬ್ಯಾಡ. ಎರಡು ವರ್ಷ ಅಂದಾರ ಡಾಕ್ಟ್ರು, ನಿಮ್ಮವ್ವ ಹೇಳ್ಯಾಳ ನನಗ. ನಾ ಎಲ್ಲೆರ ವೈರ್ ಎಳದು ಬದುಕ್ತೀನಿ. ನಿನಗ ಕಣ್ಣು ಇನ್ನೊಮ್ಮೆ ಬರಂಗಿಲ್ಲ. ಅವತ್ತ ನನ್ನ ಕೈಲಿಂದ ಹೋಗಿದ್ದು ಇವತ್ತ ನನ್ನ ಕೈಲಿಂದನ ವಾಪಸ್ ಬರಲಿ. ನನ್ನ ಜೀವಾ ನೀ. ಅಷ್ಟರ ಮಾಡಾಕ ಬಿಡು.”

“ಇದನ್ನ ಹೇಳಾಕ ಇದ ಜಾಗ ಸಿಕ್ತೇನು ನಿನಗ?”

“ಬ್ಯಾರೆ ಜಾಗ ಯಾರು ಕೊಟ್ಟಾರ ನಮಗ?”

ಅಧಿಕಾರಿ ಬಂದು ಕೂತರು. ಪೆನ್ನಿನ ಮುಚ್ಚಳ ತೆಗೆದು ಅವಳ ಕೈಗಿಟ್ಟರು. “ಕೆಳಗೆ, ಬಲಕ್ಕೆ.”

ಮೇಘಾ ಕಾಗದದ ಮೇಲೆ ಬಾಗಿದಳು. ಬಿಳಿ, ಬಿಳಿ, ಅಕ್ಷರದ ಅಂಚು, ಮತ್ತೆ ಬಿಳಿ. ಸಹಿಯ ಗೆರೆ ಎಲ್ಲೂ ಸಿಗಲಿಲ್ಲ. ಅವಳ ಕತ್ತು ತಾನಾಗಿ ಆಚೆ ಈಚೆ ಆಡತೊಡಗಿತು.

ಆಗ ಬೆರಳೊಂದು ಬಂದು ಗೆರೆಯ ಕೆಳಗೆ ನಿಂತಿತು. ಉಗುರಿನ ಪಕ್ಕ ಸುಟ್ಟ ಕಲೆ. ಈ ಸಲ ಅದು ನಡುಗುತ್ತಿರಲಿಲ್ಲ.

“ಇಲ್ಲಿ ಅದ,” ಎಂದ ಶೇಖರ, ಮೆಲ್ಲಗೆ, ಭಾನುವಾರದ ದನಿಯಲ್ಲಿ.

ಮೇಘಾ ಆ ಬೆರಳನ್ನು ನೋಡಿದಳು. ತಾನು ಸಹಿ ಮಾಡದಿದ್ದರೂ ನಾಳೆ ಇನ್ಯಾರದೋ ಸಹಿಯಿಂದ ಇವನನ್ನು ಹೊರಗೆ ಹಾಕುತ್ತಾರೆ. ಅದೂ ಅವಳಿಗೆ ಗೊತ್ತಿತ್ತು. ಸೋಮವಾರವೂ ಹೋಗುತ್ತದೆ, ಇವನೂ ಉಳಿಯುವುದಿಲ್ಲ. ಅವ್ವನ ಕೆಮ್ಮು, ಎರಡು ನೀಲಿ ಹನಿಗಳು, ಅಲುಗದೆ ನಿಂತಿದ್ದ ತನ್ನದೇ ಕತ್ತು ನೆನಪಾದವು. ಕಣ್ಣಲ್ಲಿ ನೀರು ತುಂಬಿ ಬೆರಳು ಕದಡಿತು. ರೆಪ್ಪೆ ಬಡಿದಳು. ಮತ್ತೆ ಸ್ಪಷ್ಟವಾಯಿತು.

ಪೆನ್ನನ್ನು ಮೇಜಿನ ಮೇಲಿಟ್ಟಳು. ಆ ಬೆರಳನ್ನು ಮುಷ್ಟಿಯಲ್ಲಿ ಹಿಡಿದು ಕಾಗದದ ಮೇಲಿಂದ ಎತ್ತಿದಳು.

“ಏನಾತು? ಜಾಗ ಕಾಣ್ಲಿಲ್ಲೇನು?” ಎಂದರು ಅಧಿಕಾರಿ.

“ಕಾಣ್ತು ಸರ್. ಛಲೋ ಕಾಣ್ತು.”

“ಮತ್ತೆ ಮಾಡ್ರಿ.”

“ಮಾಡು, ಮೇಘಾ,” ಎಂದ ಶೇಖರ. ಅವನ ದನಿ ಒಡೆದಿತ್ತು.

ಅವಳು ಮುಷ್ಟಿ ಬಿಡಲಿಲ್ಲ.

“ಮಾಡಂಗಿಲ್ಲ,” ಎಂದಳು, ಇಬ್ಬರಿಗೂ.