ಬೀರುವಿನ ಹಿಂದಿನ ಗೋಡೆ

ನಾಲ್ಕನೆಯ ಕಲ್ಲು ಕಿತ್ತಾಗ ಒಂದು ಕೈ ಕಾಣಿಸಿತು. ಬರೀ ಮೂಳೆ. ಮಣಿಕಟ್ಟಿನಲ್ಲಿ ಹೆಂಗಸರ ಗಡಿಯಾರ.

ಮೇಸ್ತ್ರಿಯಾಗಿದ್ದ ಅಜ್ಜ ಕಟ್ಟಿದ ಕಲ್ಲುಮನೆಯನ್ನು ಈ ಕಾಲಕ್ಕೆ ತಕ್ಕಂತೆ ಮಾಡಿಸಲು ಮೊಮ್ಮಗಳು ಹೊರಟಿದ್ದಳು. ಲಕ್ವ ಹೊಡೆದು ಮಾತು ಕಳೆದುಕೊಂಡ ಅಪ್ಪನ ಗಾಲಿಕುರ್ಚಿ ಸಲೀಸಾಗಿ ಓಡಾಡಬೇಕಿತ್ತು. ಅದಕ್ಕೇ ಅಪ್ಪನ ಕೋಣೆಗೂ ಸೋದರತ್ತೆಯ ಕೋಣೆಗೂ ನಡುವೆ ಎಂದೋ ಮುಚ್ಚಿದ್ದ ಬಾಗಿಲನ್ನು ತೆರೆಸುತ್ತಿದ್ದಳು. ಇಪ್ಪತ್ತಾರು ವರ್ಷಗಳ ಹಿಂದೆ ಮಗುವನ್ನು ಬಿಟ್ಟು ಓಡಿಹೋದಳೆಂದು ಎಲ್ಲರೂ ಆಡಿಕೊಂಡಿದ್ದ ಅಮ್ಮ ಅಲ್ಲೇ ಇದ್ದಳು.

ಹನ್ನೊಂದು ವರ್ಷದಿಂದ ಸಾಹೇಬರ ಹಿಂದೆ ಸುತ್ತುತ್ತಿರುವ ಕಾನ್‌ಸ್ಟೇಬಲ್ ನಾನು. ಇದು ಅರ್ಧ ಗಂಟೆಯ ಕೇಸು ಎಂದುಕೊಂಡೆ. ಗಂಡ ಗಾರೆ ಮೇಸ್ತ್ರಿ, ಗೋಡೆ ಅವನ ಕೋಣೆಯದು— ಇನ್ನೇನು ಬೇಕು?

"ಇವರು ಕಾಣೆಯಾದಾಗ ನೀವೆಲ್ಲಿದ್ರಿ, ಅಮ್ಮಾ?" ಸಾಹೇಬರು ಅತ್ತೆಯನ್ನು ಕೇಳಿದರು.

"ನನ್ನ ಕೋಣೇಲೇ. ಜ್ವರ. ನಾಲ್ಕು ದಿನ ಹಾಸಿಗೆ ಬಿಟ್ಟು ಎದ್ದಿಲ್ಲ. ಗೋಡೆ ಆಚೆ ಕಲ್ಲಿನ ಸದ್ದು ಕೇಳ್ತಿತ್ತು. ಅಣ್ಣ ಏನೋ ರಿಪೇರಿ ಮಾಡ್ತಿದಾನೆ ಅಂದ್ಕೊಂಡೆ."

"ನಿಮ್ಮಣ್ಣ ನಿಮ್ಮ ಕೋಣೆಗೆ ಬಂದಿದ್ರಾ?"

"ಹೊಸಿಲು ಕೂಡ ದಾಟಿಲ್ಲ."

ಕುರ್ಚಿಯಲ್ಲಿದ್ದ ಅಪ್ಪ ತಲೆ ಅಲ್ಲಾಡಿಸಿದ. ಬಾಯಿಂದ ಜೊಲ್ಲು ಇಳಿಯಿತು. ದಿನವೂ ಒರೆಸುತ್ತಿದ್ದ ಮಗಳು ಈಗ ಕೈ ಕಟ್ಟಿ ನಿಂತಳು.

"ಇವರನ್ನ ಕರ್ಕೊಂಡು ಹೋಗಿ ಸಾರ್," ಎಂದಳು. "ಇನ್ನು ಇವರ ಮುಖ ನೋಡೋಕಾಗಲ್ಲ."

ಸಾಹೇಬರು ಕಿತ್ತ ಗಾರೆಯ ಚೂರುಗಳನ್ನು ಒಂದೊಂದಾಗಿ ಸವರುತ್ತಿದ್ದರು. ಆಮೇಲೆ ಕಂಟ್ರಾಕ್ಟರನ ಕಡೆ ತಿರುಗಿದರು.

"ಇಲ್ಲಿ ಏನಿತ್ತು?"

"ಮರದ ಬೀರು ಸಾರ್. ಬೆಳಿಗ್ಗೆ ಬಿಚ್ಚಿದ್ವಿ. ಕಾಲುಗಳನ್ನ ನೆಲದ ಕಲ್ಲಿಗೇ ಕೂರಿಸಿಬಿಟ್ಟಿದ್ರು. ತೆಗೆಯೋಷ್ಟರಲ್ಲಿ ಸೊಂಟ ಬಿದ್ದೋಯ್ತು!"

"ಅಜ್ಜನೇ ಕೂರಿಸಿದ್ದು," ಮಗಳು ಹೇಳಿದಳು. "ನಾನು ಹುಟ್ಟೋಕೆ ಮುಂಚಿಂದಲೂ ಅಲ್ಲೇ ಇತ್ತು. ಅದಕ್ಕೇನೀಗ?"

ಸಾಹೇಬರು ಒಂದು ಚೂರನ್ನು ಅವಳ ಅಂಗೈಯಲ್ಲಿಟ್ಟರು. ಅದರ ಮೇಲೆ ಮರದ ಗೆರೆಗಳು ಅಚ್ಚೊತ್ತಿದ್ದವು. ನಡುವೆ ಮೊಳೆಯ ತಲೆಯ ಗುಳಿ.

"ಬೀರುವಿನ ಬೆನ್ನಿನ ಹಲಗೆಯ ಅಚ್ಚು ಇದು. ಗಾರೆ ಹಸಿ ಇದ್ದಾಗಲೂ ಬೀರು ಇಲ್ಲೇ ನಿಂತಿತ್ತು. ಹಾಗಾದ್ರೆ ಕಟ್ಟಿದವರು ಈ ಕೋಣೇಲಿ ನಿಂತಿರೋಕೆ ಸಾಧ್ಯವೇ? ಆ ಕಡೆಯಿಂದ ಕಟ್ಟಿದಾರೆ. ಇವರು ನಾಲ್ಕು ದಿನ ಹಾಸಿಗೆ ಬಿಟ್ಟು ಏಳಲಿಲ್ಲ ಅಂತಾರಲ್ಲ, ಆ ಕೋಣೆಯಿಂದ."

ಅತ್ತೆಯ ಮುಖ ಕಪ್ಪಿಟ್ಟಿತು. "ನನಗೆ... ಗಾರೆ ಕೆಲಸ ಏನು ಗೊತ್ತು?"

"ನೀವು ಮೇಸ್ತ್ರಿಯ ಮಗಳಲ್ಲವೇ? ಕೆಲಸ ಬಾರದವರಾಗಿದ್ರೆ ಮುಂದೆ ಎರಡು ಕರಣೆ ಗಾರೆ ಮೆತ್ತಿ ಕೈ ತೊಳ್ಕೊಳ್ತಿದ್ರು. ಹಿಂದೆ ಟೊಳ್ಳು ಉಳೀತಿತ್ತು, ಹಲಗೆಯ ಅಚ್ಚೂ ಬೀಳ್ತಿರಲಿಲ್ಲ. ನಿಮ್ಮಪ್ಪ ಕಲಿಸಿದ ಕೈ. ಹೆಣ ಮುಚ್ಚುವಾಗಲೂ ಸಂದಿನ ತುದಿಯವರೆಗೆ ಗಾರೆ ತುಂಬಿದೆ."

ಅತ್ತೆ ನೆಲದ ಮೇಲೆ ಕುಸಿದು ಕೂತರು.

"ತಳ್ಳಿದೆ ಅಷ್ಟೇ. ತಲೆ ಕಲ್ಲಿಗೆ ಬಡೀತು. ಅಣ್ಣ ದೂರ ಕೆಲಸಕ್ಕೆ ಹೋಗಿದ್ದ. ಬಂದಮೇಲೆ, ಅವಳು ಓಡಿಹೋದಳು, ಚಳಿ ಬರುತ್ತೆ ಅಂತ ಬೀರುವಿನ ಹಿಂದಿನ ಬಾಗಿಲ ಸಂದಿ ಮುಚ್ಚಿದೆ ಅಂದೆ. ನಂಬಿದ." ಅಣ್ಣನ ಮಗಳ ಕಡೆ ಕೈ ಚಾಚಿದರು. "ನಿನ್ನ ಮೇಲಿನ ಆಸೆಗೆ ಕಣೇ! ಗಂಡನ ಜೊತೆ ಜಗಳ ಆಡ್ಕೊಂಡು ತೌರಿಗೆ ಹೊರಟಿದ್ಲು. ನಿನ್ನನ್ನೂ ಕರ್ಕೊಂಡು ಹೋಗ್ತಿದ್ಲು."

"ನನ್ನನ್ನೂ?"

"ಸೊಂಟದ ಮೇಲೆ ಎತ್ಕೊಂಡಿದ್ಲು. ನಿನ್ನ ಕಿತ್ಕೊಂಡು ಅವಳನ್ನ ತಳ್ಳಿದೆ."

ಅವಳು ಅತ್ತೆಯ ಕೈ ಮುಟ್ಟಲಿಲ್ಲ. ಗೋಡೆಯ ಹತ್ತಿರ ಹೋಗಿ ಮಂಡಿಯೂರಿ, ಬಿಟ್ಟುಹೋದಳೆಂದು ಇಷ್ಟು ವರ್ಷ ಶಪಿಸಿದ್ದ ಅಮ್ಮನನ್ನು ಮೊದಲ ಸಲ ಅಮ್ಮಾ ಎಂದು ಕೂಗಿ ಕರೆದಳು.